ಟೋಕಿಯೋದ ಒಂದು ದಿನದ 'ಜಪಾನ್ ಪರಿಚಯ' ಟೂರ್: ಗೈಡ್‌ಗೆ ಫುಲ್ ಮಾರ್ಕ್ಸ್, ಬ್ರೋಷರ್ ಬರೆದೋರಿಗೆ ಸೊನ್ನೆ

ಮೊದಲೇ ಹೇಳ್ಬಿಡ್ತೀನಿ, ಬಾವುಟ ಹಿಡ್ಕೊಂಡು ಮುಂದೆ ಹೋಗೋರ ಹಿಂದೆ ಕುರಿ ಥರ ನಡೆಯೋದು ನಂಗೆ ಆಗಿಬರಲ್ಲ. ಆದ್ರೂ ಟೋಕಿಯೋದಲ್ಲಿದ್ದ ಐದು ದಿನದಲ್ಲಿ ಒಂದು ಪೂರ್ತಿ ದಿನ ಹಂಗೇ ನಡೆದೆ, ಯಾಕಂದ್ರೆ ಮನೇಲಿ ಎರಡು ಪಾರ್ಟಿ ಆಗೋಗಿತ್ತು. ಹೆಂಡತಿಗೆ ದೇವಸ್ಥಾನ, ಕಿಮೋನೋ, ಟೀ ಸಮಾರಂಭ ಬೇಕು. ಹನ್ನೆರಡು ವರ್ಷದ ಮಗನಿಗೆ ಅನಿಮೆ ಅಂದ್ರೆ ಜಪಾನಿ ಕಾರ್ಟೂನು, ಮಂಗಾ ಅಂದ್ರೆ ಅಲ್ಲಿನ ಕಾಮಿಕ್ಸು, ಅವೆಲ್ಲಾ ಸಿಗೋ ಅಕಿಹಬರ ಬಡಾವಣೆ, ಅದು ಬಿಟ್ರೆ ಪ್ರಪಂಚದಲ್ಲಿ ಇನ್ನೇನೂ ಇಲ್ಲ. ಇಬ್ಬರನ್ನೂ ಒಂದೇ ದಿನದಲ್ಲಿ ಸಮಾಧಾನ ಮಾಡೋ ದಾರಿ ಹುಡುಕ್ತಾ ಇದ್ದಾಗ ಈ ಟೂರ್ ಸಿಕ್ತು. ಬೆಳಗ್ಗೆ 9ರಿಂದ ಸಂಜೆ 5:30, ದೊಡ್ಡೋರಿಗೆ 13,500 ಯೆನ್, ಮಕ್ಕಳಿಗೆ ಅರ್ಧ. ಗೈಡ್, ಟೀ, ಮಧ್ಯಾಹ್ನದ ಊಟ, ಮೆಟ್ರೋ ಟಿಕೆಟ್ ಎಲ್ಲಾ ಸೇರಿ. ಬ್ರೋಷರ್‌ನಲ್ಲಿ ಒಂದು ದಪ್ಪ ಗೆರೆ ಎಳೆದಿದ್ರು, ಊಟಕ್ಕೆ ಮುಂಚೆ ಹಳೇ ಜಪಾನ್, ಊಟ ಆದ್ಮೇಲೆ ಹೊಸ ಜಪಾನ್. ಗೆರೆ ನೋಡಿದಾಗ ಪರವಾಗಿಲ್ವೇ ನೀಟಾಗಿದೆ ಅನ್ಸಿತ್ತು. ಈಗ ಆ ಗೆರೆ ಬಗ್ಗೇನೇ ನನ್ನ ಜಗಳ.

ಕಂಪನಿ ಹೆಸರು ಹೇಳಲ್ಲ, ಸಣ್ಣ ಕಂಪನಿ, ನನ್ನ ತಕರಾರೂ ಅಂಥ ದೊಡ್ಡದಲ್ಲ, ಇಂಥ ಟೂರ್ ಮಾಡೋರು ಟೋಕಿಯೋದ ಹಳೇ ಬಡಾವಣೆ ಅಸಾಕುಸದಲ್ಲಿ ಗಲ್ಲಿಗೆ ಹತ್ತು ಜನ ಇದ್ದಾರೆ. ಯಾರ ಜೊತೆ ಹೋದ್ರೂ ಹೆಚ್ಚು ಕಮ್ಮಿ ಇದೇ ದಾರಿ.

ಶುರು ಆಗೋದು ಅಸಾಕುಸದ ಕಾಮಿನಾರಿಮೋನ್ ಅಂದ್ರೆ ಗುಡುಗಿನ ಬಾಗಿಲ ಹತ್ರ, ಫೋಟೋದಲ್ಲಿ ಎಲ್ಲರೂ ನೋಡಿರೋ ಆ ದೊಡ್ಡ ಕೆಂಪು ಲಾಟೀನು ಇರೋದು ಅಲ್ಲೇ. 3.9 ಮೀಟರ್ ಎತ್ತರ, ಸುಮಾರು 700 ಕೆಜಿ ತೂಕ, ಎರಡೂ ಪಕ್ಕ ಗಾಳಿದೇವ್ರು ಗುಡುಗುದೇವ್ರು ಕಣ್ಣು ಕೆಂಪಗೆ ಮಾಡ್ಕೊಂಡು ನಿಂತಿದ್ದಾರೆ. ನಮ್ಮ ಗೈಡ್ ಐವತ್ತು ದಾಟಿದ ಹೆಂಗಸು, ಕುಳ್ಳಗೆ, ಬಾಯಿ ಜೋರು, ಮೊದಲ ಐದು ನಿಮಿಷದಲ್ಲೇ ಹೇಳಿದ್ದು ಏನಂದ್ರೆ, ಈ ಬಾಗಿಲು 1865ರಲ್ಲಿ ಬೆಂಕಿಗೆ ಹೋಗಿ ಆಮೇಲೆ 95 ವರ್ಷ ಇಲ್ಲಿ ಬಾಗಿಲೇ ಇರ್ಲಿಲ್ಲ, 1960ರಲ್ಲಿ ಕಟ್ಟಿಸಿಕೊಟ್ಟೋರು ಮತ್ಸುಶಿತಾ ಕೊನೊಸುಕೆ, ಅಂದ್ರೆ ಪ್ಯಾನಾಸೋನಿಕ್ ಕಂಪನಿ ಶುರು ಮಾಡಿದೋರು. ಖಾಯಿಲೆ ಆಗಿದ್ದಾಗ ಇಲ್ಲಿ ಪ್ರಾರ್ಥನೆ ಮಾಡಿಸಿ ಗುಣ ಆಯ್ತು ಅಂತ ಹರಕೆ ಥರ. ಅಂದ್ರೆ 'ಹಳೇ ಜಪಾನ್' ಅಂತ ನಾವೆಲ್ಲಾ ಸೆಲ್ಫಿ ತಗೊಳ್ಳೋ ಬಾಗಿಲು ಒಬ್ಬ ರೇಡಿಯೋ ಟೀವಿ ಮಾರೋ ಯಜಮಾನರ ಕಾಣಿಕೆ. ಗೆರೆ ಅಲ್ಲೇ ಒಂಚೂರು ಅಳಿಸಿಹೋಯ್ತು ನೋಡಿ. ಜೋರು ಗಾಳಿ ಚಂಡಮಾರುತ ಬಂದ್ರೆ ಆ ಲಾಟೀನನ್ನ ಮಡಚಿ ಮೇಲಕ್ಕೆ ಎತ್ತಿಡ್ತಾರಂತೆ, ಮಗನಿಗೆ ಅದೊಂದೇ ಇಂಟರೆಸ್ಟಿಂಗ್ ಅನ್ಸಿದ್ದು. ಲಾಟೀನಿನ ಕೆಳಗೆ ನಿಂತ್ಕೊಂಡು ತಲೆ ಎತ್ತಿ ನೋಡಿ, ಬುಡದಲ್ಲಿ ಡ್ರ್ಯಾಗನ್ ಕೆತ್ತನೆ ಇದೆ, ತೊಂಬತ್ತು ಭಾಗ ಜನ ನೋಡದೇ ಹೋಗ್ತಾರೆ.

ಅಲ್ಲಿಂದ ಸೆನ್ಸೋ-ಜಿ ದೇವಸ್ಥಾನದವರೆಗೆ ನಾಕಾಮಿಸೆ ಬೀದಿ, 250 ಮೀಟರ್, ಎರಡೂ ಕಡೆ ತೊಂಬತ್ತರ ಹತ್ರ ಹತ್ರ ಅಂಗಡಿ. ಜಾತ್ರೆ ಬೀದಿ ಅಂದ್ಕೊಳ್ಳಿ ಆದ್ರೆ ಯಾರೂ ಕೂಗಲ್ಲ, ಯಾರೂ ತಳ್ಳಲ್ಲ, ಮತ್ತೆ ನಡ್ಕೊಂಡು ತಿನ್ನೋದು ಇಲ್ಲಿ ಸರಿ ಇಲ್ಲ, ತಗೊಂಡ ಅಂಗಡಿ ಮುಂದೆನೇ ನಿಂತು ತಿಂದು ಕಸ ಅವರಿಗೇ ಕೊಡಬೇಕು. ಇದು ಗೊತ್ತಿಲ್ದೆ ನಾನು ಕೈಯಲ್ಲಿ ಒಂದು ಕಡ್ಡಿ ಹಿಡ್ಕೊಂಡು ಕಸದ ಡಬ್ಬ ಹುಡುಕ್ತಾ ಅರ್ಧ ಗಂಟೆ ಓಡಾಡಿದೆ. ಟೋಕಿಯೋ ಬೀದೀಲಿ ಕಸದ ಡಬ್ಬ ಸಿಗೋದು ಅಪರೂಪ, ಬ್ಯಾಗಲ್ಲಿ ಒಂದು ಕವರ್ ಇಟ್ಕೊಳ್ಳಿ.

ದೇವಸ್ಥಾನದ ಕಥೆ ಚೆನ್ನಾಗಿದೆ. 628ರಲ್ಲಿ ಸುಮಿದಾ ನದೀಲಿ ಮೀನು ಹಿಡಿಯೋ ಇಬ್ಬರು ಅಣ್ಣತಮ್ಮಂದಿರ ಬಲೆಗೆ ಕಾನ್ನೋನ್ ವಿಗ್ರಹ ಸಿಕ್ತಂತೆ, ನೀರಿಗೆ ಬಿಟ್ರೂ ಮತ್ತೆ ಮತ್ತೆ ಬಲೆಗೇ ಬರ್ತಿತ್ತಂತೆ. ಊರ ಯಜಮಾನ ಅದು ಏನು ಅಂತ ಗುರುತು ಹಿಡಿದು ತನ್ನ ಮನೆಯನ್ನೇ ಗುಡಿ ಮಾಡಿದ. ಕಾನ್ನೋನ್ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಅವಲೋಕಿತೇಶ್ವರ, ಚೀನಾ ದಾಟಿ ಬರುವಷ್ಟರಲ್ಲಿ ಹೆಣ್ಣು ರೂಪಕ್ಕೆ ತಿರುಗಿದ್ದಾರೆ. ಈಗಿನ ಮುಖ್ಯ ಗುಡಿ ಹಳೇದಲ್ಲ, 1945ರ ಮಾರ್ಚ್‌ನಲ್ಲಿ ಅಮೆರಿಕದ ಬಾಂಬಿಗೆ ಸುಟ್ಟುಹೋಗಿ 1958ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಮೇಲಿನ ಹೆಂಚು ಮಣ್ಣಿಂದಲ್ಲ, ಟೈಟಾನಿಯಂ! ಭೂಕಂಪ ಆದಾಗ ಮೇಲಿನ ಭಾರ ಕಮ್ಮಿ ಇರ್ಲಿ ಅಂತ. ನಿಜವಾಗ್ಲೂ ಹಳೇದು ಬೇಕು ಅಂದ್ರೆ ಪಕ್ಕದಲ್ಲೇ ಇರೋ ಅಸಾಕುಸ ಜಿಂಜಾ (ಜಪಾನಿನ ಸ್ವಂತ ಹಳೇ ಧರ್ಮ ಶಿಂತೋ, ಅದರ ಗುಡಿಗೆ ಜಿಂಜಾ ಅಂತಾರೆ) ನೋಡಿ, 1649ರದ್ದು, ಬಾಂಬಿಂದ ಬಚಾವಾಗಿದೆ. ಅಲ್ಲಿ ದೇವರು ಯಾರು ಗೊತ್ತಾ, ಆ ಇಬ್ಬರು ಅಣ್ಣತಮ್ಮಂದಿರು ಮತ್ತೆ ಆ ಊರ ಯಜಮಾನ. ಬುದ್ಧನ ಗುಡಿ ಕಟ್ಟಿದ ಮನುಷ್ಯರಿಗೆ ಶಿಂತೋ ಗುಡಿ, ಅದೂ ಪಕ್ಕಪಕ್ಕದಲ್ಲೇ. ಮೊದಲು ಎರಡೂ ಒಂದೇ ಕಾಂಪೌಂಡಿನ ವಿಷಯ ಆಗಿತ್ತು, 1868ರಲ್ಲಿ ಮೇಜಿ ಸರ್ಕಾರ ಬುದ್ಧ ಬೇರೆ ಕಾಮಿ ಅಂದ್ರೆ ಶಿಂತೋ ದೇವರು ಬೇರೆ ಅಂತ ಆರ್ಡರ್ ಹೊರಡಿಸಿದ್ಮೇಲೆ ಬೇರೆ ಬೇರೆ ಲೆಕ್ಕ. ಗೆರೆ ಎಳೆಯೋ ಚಟ ಬ್ರೋಷರ್‌ನೋರಿಗೆ ಮಾತ್ರ ಅಲ್ಲ ಬಿಡಿ.

ಇಲ್ಲಿ ಗೈಡ್ ಮೇಡಂ ಹೇಳಿಕೊಟ್ಟಿದ್ದು ಬಹಳ ಉಪಯೋಗಕ್ಕೆ ಬಂತು. ಮುಂದೆ ತೋರಿ ಅನ್ನೋ ಕಂಬದ ಬಾಗಿಲಿದ್ರೆ ಅದು ಜಿಂಜಾ, ಅಲ್ಲಿ ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ, ಕೈ ಮುಗಿದು, ಕೊನೆಗೆ ಇನ್ನೊಂದು ಸಲ ಬಗ್ಗೋದು. ಬುದ್ಧನ ಗುಡೀಲಿ ಚಪ್ಪಾಳೆ ಹೊಡೀಬಾರ್ದು, ಸುಮ್ನೆ ಕೈ ಮುಗೀಬೇಕು. ಒಳಗೆ ಹೋಗೋಕೆ ಮುಂಚೆ ನೀರಿನ ತೊಟ್ಟಿ ಹತ್ರ ಮೊದಲು ಎಡಗೈ ಆಮೇಲೆ ಬಲಗೈ ಆಮೇಲೆ ಬಾಯಿ. ಹುಂಡಿಗೆ 5 ಯೆನ್ ಹಾಕೋದು ವಾಡಿಕೆ, ಗೋ-ಎನ್ ಅಂದ್ರೆ 5 ಯೆನ್, ಅದೇ ಉಚ್ಚಾರಕ್ಕೆ ಋಣಾನುಬಂಧ ಅಂತಾನೂ ಅರ್ಥ. ಗುಡಿ ಮುಂದೆ ದೊಡ್ಡ ಧೂಪದ ಕೊಪ್ಪರಿಗೆ ಇದೆ, ಎಲ್ಲರೂ ಆ ಹೊಗೆಯನ್ನ ಎರಡೂ ಕೈಲಿ ತಲೆಗೆ ಮೈಗೆ ಹಾಕ್ಕೊಳ್ತಾರೆ. ನನ್ನ ಹೆಂಡತಿ ಯಾರೂ ಹೇಳಿಕೊಡದೇನೇ ಮಂಗಳಾರತಿ ತಗೊಂಡ ಹಾಗೆ ತಗೊಂಡ್ಳು, ಪಕ್ಕದಲ್ಲಿದ್ದ ಅಜ್ಜಿ ಖುಷಿಯಾಗಿ ತಲೆ ಆಡಿಸಿದ್ರು.

ಓಮಿಕುಜಿ ಅಂತ ಶಕುನದ ಚೀಟಿ. 100 ಯೆನ್ ಹಾಕಿ ತಗಡಿನ ಡಬ್ಬ ಅಲ್ಲಾಡಿಸಿದ್ರೆ ಸಣ್ಣ ತೂತಿಂದ ಒಂದು ಕಡ್ಡಿ ಹೊರಗೆ ಬರತ್ತೆ, ಅದರ ಮೇಲಿನ ನಂಬರ್ ಇರೋ ಡ್ರಾಯರ್ ತೆಗೆದು ಚೀಟಿ ತಗೊಳ್ಳೋದು. ಈ ದೇವಸ್ಥಾನಕ್ಕೆ ಒಂದು ಖ್ಯಾತಿ ಇದೆ, ಇಲ್ಲಿ ಕೆಟ್ಟ ಚೀಟಿ ಜಾಸ್ತಿ, ನೂರಕ್ಕೆ ಮೂವತ್ತು ಕ್ಯೋ ಅಂದ್ರೆ ಅಪಶಕುನ. ಭಕ್ತರು ಬೇಜಾರಾಗ್ತಾರೆ ಅಂತ ಬೇರೆ ಕಡೆ ಕಮ್ಮಿ ಮಾಡಿದ್ದಾರೆ, ಇವರು ಹಳೇ ಲೆಕ್ಕ ಬಿಟ್ಟಿಲ್ಲ. ನಂಗೆ ಕ್ಯೋನೇ ಬಂತು, ನಿರೀಕ್ಷೆ ಇತ್ತು. ಅದನ್ನ ಅಲ್ಲೇ ಇರೋ ಕಂಬಿಗೆ ಕಟ್ಟಿಬಂದ್ರೆ ಕೆಟ್ಟದ್ದು ಅಲ್ಲೇ ಉಳಿಯತ್ತೆ. ಮಗ ಇದನ್ನೆಲ್ಲಾ ನೋಡ್ತಾ ಇದ್ದೋನು 'ಅಪ್ಪಾ ಇದು ಗಾಚಾ ಕಣೋ' ಅಂದ. ಏನೋ ಅದು ಅಂದೆ. ಮಧ್ಯಾಹ್ನ ತೋರಿಸ್ತೀನಿ ಇರು ಅಂದ.

ಕಿಮೋನೋ ಈ ಪ್ಯಾಕೇಜಲ್ಲಿ ಇಲ್ಲ, ಎಕ್ಸ್‌ಟ್ರಾ ದುಡ್ಡು, ಅದನ್ನ ಸಣ್ಣ ಅಕ್ಷರದಲ್ಲಿ ಬರೆದಿದ್ರು. ಹೆಂಡತಿ ಉಟ್ಕೊಂಡ್ಳು, ಇಪ್ಪತ್ತು ನಿಮಿಷ ಹಿಡೀತು, ಅಂಗಡಿಯಾಕೆ ಒಬಿ ಅನ್ನೋ ಸೊಂಟದ ಪಟ್ಟಿ ಬಿಗಿದ ಬಿಗಿತಕ್ಕೆ ಇವಳು 'ಊಟ ಹೆಂಗ್ರೀ ಮಾಡೋದು' ಅಂತ ನನ್ನ ಮುಖ ನೋಡಿದ್ಳು. ಒಂದು ವಿಷ್ಯ ನೆನಪಿಟ್ಕೊಳ್ಳಿ, ಕಿಮೋನೋ ಆಗ್ಲಿ ಹೋಟೆಲಲ್ಲಿ ಕೊಡೋ ಯುಕಾತ ಅನ್ನೋ ತೆಳು ಕಿಮೋನೋ ಆಗ್ಲಿ ಎಡಗಡೆ ಸೆರಗು ಮೇಲೆ ಬರ್ಬೇಕು. ಬಲಗಡೆದು ಮೇಲೆ ಬಂದ್ರೆ ಹೆಣಕ್ಕೆ ಉಡಿಸಿದ ಹಾಗೆ. ನಾನು ಹಿಂದಿನ ರಾತ್ರಿ ಹೋಟೆಲಲ್ಲಿ ಹೆಣದ ಥರಾನೇ ಕಾರಿಡಾರಲ್ಲೆಲ್ಲಾ ಓಡಾಡಿದ್ದೆ ಅಂತ ಆಗ ಗೊತ್ತಾಯ್ತು.

ಈಗ ಟೀ ವಿಷ್ಯ, ನನ್ನ ದೊಡ್ಡ ಕಂಪ್ಲೇಂಟ್ ಇಲ್ಲೇ. ಬ್ರೋಷರ್‌ನಲ್ಲಿ 'ಅಧಿಕೃತ ಚಾನೋಯು ಅನುಭವ' (ಚಾನೋಯು ಅಂದ್ರೆ ಟೀ ಸಮಾರಂಭ) ಅಂತ ಬರೆದು ಕೊಟ್ಟಿದ್ದು 45 ನಿಮಿಷ, ಒಂದು ರೂಮಲ್ಲಿ 14 ಜನ, ಅದರಲ್ಲಿ ಹತ್ತು ನಿಮಿಷ ಫೋಟೋಗೆ. ಚಾಜಿ ಅಂತ ಪೂರ್ತಿ ಸಮಾರಂಭಕ್ಕೆ ಸುಮಾರು ನಾಲ್ಕು ಗಂಟೆ ಬೇಕು, ಊಟ, ಗಟ್ಟಿ ಟೀ, ಆಮೇಲೆ ತಿಳಿ ಟೀ. ಅದನ್ನ ಟೂರಲ್ಲಿ ಕೊಡೋಕಾಗಲ್ಲ ಅಂತ ನಂಗೂ ಗೊತ್ತು, ಆದ್ರೆ ಹಂಗಂತ ಹೇಳಿ, 'ಅಧಿಕೃತ' ಅನ್ನೋ ಪದ ಯಾಕೆ. ಟೀ ಮಾಡಿಕೊಟ್ಟ ಅಮ್ಮ ಮಾತ್ರ ಚಿನ್ನ. ಎಪ್ಪತ್ತು ದಾಟಿರ್ಬೇಕು, ಅವರ ಕೈ ಚಲನೆ ನೋಡ್ತಾ ಕೂತ್ರೆ ಸಾಕು. ಬಟ್ಟಲು ತೊಳೆಯೋದು, ಬಟ್ಟೆ ಮಡಚೋದು, ಚಾಸೆನ್ ಅನ್ನೋ ಬಿದಿರಿನ ಕಡೆಗೋಲಲ್ಲಿ ಮಾಚಾ ಅಂದ್ರೆ ಹಸಿರು ಟೀ ಪುಡಿ ಕಡೆಯೋದು, ಒಂದೂ ಹೆಚ್ಚಿಲ್ಲ ಒಂದೂ ಕಮ್ಮಿ ಇಲ್ಲ. ಕಡೆಯೋದು ಅಂದ್ರೆ ಮಜ್ಜಿಗೆ ಕಡೆದ ಹಾಗೆ ಗುಂಡಗೆ ತಿರುಗಿಸೋದಲ್ಲ, ಮುಂದಕ್ಕೆ ಹಿಂದಕ್ಕೆ ಬೇಗ ಬೇಗ ಮಣಿಕಟ್ಟಲ್ಲಿ. ನಾನು ಮಾಡಿದ್ದು ಗಂಟು ಗಂಟಾಯ್ತು. ಮೊದಲು ಸಿಹಿ ಪೂರ್ತಿ ತಿಂದು ಮುಗಿಸಿ ಆಮೇಲೆ ಕಹಿ ಟೀ ಕುಡಿಯೋದು, ಮಧ್ಯ ಮಧ್ಯ ತಿನ್ನೋ ಹಾಗಿಲ್ಲ. ಬಟ್ಟಲಿನ ಚೆಂದದ ಮುಖ ನಮ್ಮ ಕಡೆ ಇಟ್ಟಿರ್ತಾರೆ, ಅದಕ್ಕೆ ಬಾಯಿ ಹಚ್ಚಬಾರದು ಅಂತ ಎರಡು ಸಲ ತಿರುಗಿಸಿ ಕುಡೀಬೇಕು. ಕುಡಿಯೋಕೆ ಮುಂಚೆ 'ಓತೆಮಾಯೆ ಚೋದಾಯ್ ಇತಾಶಿಮಾಸ್' ಅನ್ನಬೇಕು, ನೀವು ಮಾಡಿದ ಟೀ ತಗೊಳ್ತಾ ಇದ್ದೀನಿ ಅಂತ ತಲೆಬಾಗಿ ಹೇಳೋ ಮಾತು.

ಆ ಅಮ್ಮ ಸೆನ್ ನೋ ರಿಕ್ಯೂ ಬಗ್ಗೆ ಹೇಳಿದ್ದು ನಂಗೆ ಇಡೀ ದಿನದಲ್ಲಿ ಇಷ್ಟವಾದ ಹತ್ತು ನಿಮಿಷ. ಹದಿನಾರನೇ ಶತಮಾನದಲ್ಲಿ ಚಿನ್ನದ ಟೀ ರೂಮ್ ಮಾಡಿಸ್ಕೊಂಡಿದ್ದ ಹಿದೆಯೋಶಿ ಅನ್ನೋ ದೊರೆಗೆ ಟೀ ಗುರು ಆಗಿದ್ದೋನು ಈ ರಿಕ್ಯೂ, ಆದ್ರೆ ಅವನ ಸ್ವಂತ ರುಚಿ ಮಣ್ಣಿನ ಗೋಡೆ, ಒರಟು ಬಟ್ಟಲು, ಎರಡು ಚಾಪೆ ಜಾಗ. ಟೀ ರೂಮಿಗೆ ನಿಜಿರಿಗುಚಿ ಅಂತ ಎರಡು ಅಡಿಗಿಂತ ಸ್ವಲ್ಪ ಹೆಚ್ಚಿರೋ ಕಿಂಡಿ, ಎಂಥಾ ಸಮುರಾಯ್ ಆದ್ರೂ ಕತ್ತಿ ಹೊರಗಿಟ್ಟು ಮಂಡಿ ಊರಿ ತಲೆ ಬಗ್ಗಿಸೇ ಒಳಗೆ ಬರ್ಬೇಕು. 1591ರಲ್ಲಿ ಅದೇ ದೊರೆ ಇವನಿಗೆ ಹೊಟ್ಟೆ ಸೀಳ್ಕೊಂಡು ಸಾಯೋಕೆ ಆಜ್ಞೆ ಕೊಟ್ಟ. ಇಷ್ಟು ಹೇಳಿ ಅಮ್ಮ ಸುಮ್ನೆ ಬಟ್ಟಲು ಒರೆಸ್ತಾ ಕೂತ್ರು, ರೂಮಲ್ಲಿ ಯಾರೂ ಮಾತಾಡ್ಲಿಲ್ಲ, ಅಷ್ಟರಲ್ಲಿ ಕಂಪನಿಯ ಹುಡುಗ ಬಂದು ಮುಂದಿನ ಬ್ಯಾಚ್ ಕಾಯ್ತಾ ಇದೆ ಅಂದ. ಥೂ.

ಕಾಲಿನ ಬಗ್ಗೆ ಒಂದು ಮಾತು. ನಾವು ನೆಲದ ಮೇಲೆ ಕೂತು ಬೆಳೆದೋರು, ಏನಾಗತ್ತೆ ಅಂತ ಜಂಬದಲ್ಲಿದ್ದೆ. ಚಕ್ಕಳಮಕ್ಕಳ ಬೇರೆ, ಸೇಜಾ ಬೇರೆ ಸ್ವಾಮಿ. ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂತು ಎಂಟು ನಿಮಿಷಕ್ಕೆ ನನ್ನ ಎರಡೂ ಕಾಲು ಇಲ್ಲದ ಹಾಗಾಯ್ತು, ಏಳೋವಾಗ ಪಕ್ಕದ ಜರ್ಮನ್ ಹೆಂಗಸಿನ ಭುಜ ಹಿಡ್ಕೊಂಡೆ. ಸ್ಟೂಲ್ ಇದೆ, ಕೇಳಿದ್ರೆ ಕೊಡ್ತಾರೆ, ಮರ್ಯಾದೆ ಅಂತ ಕೂರಬೇಡಿ.

ಊಟ. ಬುಕಿಂಗ್ ಫಾರಮ್‌ನಲ್ಲಿ ವೆಜಿಟೇರಿಯನ್ ಅಂತ ಟಿಕ್ ಮಾಡಿದ್ವಿ, ಹಾಗಾಗಿ ತರಕಾರಿ ತೆಂಪುರಾ, ನಮ್ಮ ಬಜ್ಜಿ ಥರದ್ದು, ಬಂತು. ಗೈಡ್ ಮೇಡಂ ಓಡಿಬಂದು ನನ್ನ ಕೈ ತಡೆದ್ರು, ಪಕ್ಕದಲ್ಲಿಟ್ಟಿದ್ದ ಅದ್ಕೊಳ್ಳೋ ಸಾರಿನಲ್ಲಿ ದಾಶಿ ಇದೆ, ದಾಶಿಯಲ್ಲಿ ಒಣಗಿಸಿದ ಮೀನಿದೆ, ನೀವು ಉಪ್ಪು ಹಚ್ಕೊಂಡು ತಿನ್ನಿ ಅಂತ. ಮಿಸೋ ಸೂಪಲ್ಲೂ ಅದೇ ಕಥೆ. ಹೋಟೆಲಿನೋರು ಸುಳ್ಳು ಹೇಳಿದ್ದಲ್ಲ, ಮೀನಿನ ತುಂಡು ಕಣ್ಣಿಗೆ ಕಾಣದಿದ್ರೆ ಅದು ತರಕಾರಿ ಊಟನೇ ಅನ್ನೋದು ಇಲ್ಲಿ ಬಹಳ ಜನರ ಲೆಕ್ಕ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಶೋಜಿನ್ ರ್‍ಯೋರಿ ಅಂತ ಕೇಳಿ, ಬೌದ್ಧ ಸನ್ಯಾಸಿಗಳ ಅಡುಗೆ, ಅಲ್ಲಿ ಸಾರಿಗೆ ಕೊಂಬು ಅನ್ನೋ ಕಡಲ ಪಾಚಿ ಮತ್ತೆ ಅಣಬೆ ಹಾಕ್ತಾರೆ, ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ. ಟೂರಿನೋರು ಅಂಥ ಕಡೆ ಕರ್ಕೊಂಡು ಹೋಗಬಹುದಿತ್ತು, ಈ ದುಡ್ಡಿಗೆ. ಮಗನಿಗೆ ಹೊಟ್ಟೆ ತುಂಬದೆ ಕೊಂಬಿನಿ ಅನ್ನೋ ದಿನಸಿ ಅಂಗಡಿಯಲ್ಲಿ ಉಪ್ಪಿನಕಾಯಿ ಥರದ ಉಮೆ ಹಣ್ಣಿಟ್ಟ ಅನ್ನದ ಉಂಡೆ ತೆಗೆಸಿಕೊಟ್ಟೆ. ಊಟದ ಹತ್ರಾನೇ ಕಪ್ಪಾಬಾಶಿ ಬೀದಿ, ಹೋಟೆಲ್ ಇಡೋರಿಗೆ ಪಾತ್ರೆ, ಚಾಕು, ಲಾಟೀನು ಮಾರೋ ಜಾಗ, ಅಲ್ಲಿ ಪ್ಲಾಸ್ಟಿಕ್ಕಲ್ಲಿ ಊಟದ ಮಾದರಿ ತಯಾರಿಸೋ ಅಂಗಡಿ ಇದೆ, ಹೋಟೆಲ್ ಗಾಜಿನಲ್ಲಿ ಇಡೋಕೆ. ಸಾಂಪುರು ಅಂತಾರೆ ಅದಕ್ಕೆ, ಆ ನೂಡಲ್ಸ್ ನೋಡಿದ್ರೆ ನಿಜವಾದ ನೂಡಲ್ಸ್‌ಗಿಂತ ಹಸಿವಾಗತ್ತೆ. ಟೂರಲ್ಲಿ ಅಲ್ಲಿಗೆ ಹತ್ತೇ ನಿಮಿಷ ಕೊಟ್ರು, ನೀವು ಒಂದು ಗಂಟೆ ಇಟ್ಕೊಳ್ಳಿ.

ಇಲ್ಲಿಂದ ಮೆಟ್ರೋದ ಗಿಂಜಾ ಲೈನ್ ಹತ್ತಿ ಅಕಿಹಬರ ಹತ್ರದ ಸುಎಹಿರೋಚೋ ಸ್ಟೇಷನ್ನಿಗೆ. ಈ ಲೈನಿನ ಅಸಾಕುಸ–ಉಎನೋ ತುಂಡು 1927ರಲ್ಲಿ ಶುರುವಾಗಿದ್ದು, ಏಷ್ಯಾದ ಮೊದಲ ಸಬ್‌ವೇ. ಹತ್ತು ನಿಮಿಷದ ದಾರೀಲಿ ಮೇಡಂ ಹಿರಗಾನಾ ಅನ್ನೋ ಜಪಾನಿ ಅಕ್ಷರಗಳ ಒಂದು ಚಾರ್ಟ್ ಹಂಚಿದ್ರು, ಇದು ಯಾವ ಬ್ರೋಷರ್‌ನಲ್ಲೂ ಇಲ್ಲ. ಮಗ ಓದಿದ, ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ. ನಾನು ಒಂದು ನಿಮಿಷ ಅಂದೆ, ಇದು ನಮ್ಮ ವರ್ಣಮಾಲೆ ಸಾಲಲ್ವಾ. ಹೌದಂತೆ ಕಣ್ರೀ! ಸಂಸ್ಕೃತ ಮಂತ್ರ ಓದೋಕೆ ಸಿದ್ಧಂ ಅನ್ನೋ ಭಾರತದ ಹಳೇ ಲಿಪಿ ಕಲಿತ ಬೌದ್ಧ ಸನ್ಯಾಸಿಗಳಿಂದ ಬಂದ ಕ್ರಮ ಅದು. ಈಗಿನ 'ಸ' ಸಾಲು ಹಿಂದೆ 'ಚ'ಗೆ ಹತ್ರ ಇತ್ತು, 'ಹ' ಸಾಲು 'ಪ' ಆಗಿತ್ತು ಅಂತ ಭಾಷಾತಜ್ಞರು ಹೇಳ್ತಾರೆ. ಈಗ ಮತ್ತೆ ಓದಿ, ಕ ಚ ತ ನ ಪ ಮ ಯ ರ ವ. ನಾವು ಮೂರೂ ಜನ ಮೆಟ್ರೋದಲ್ಲಿ ಕ ಖ ಗ ಘ ಹೇಳಿ ತೋರಿಸಿದ್ವಿ, ಮೇಡಂ ಕಣ್ಣರಳಿಸಿ ಕೇಳಿದ್ರು, ಆಮೇಲೆ ಬೋಗೀಲಿ ಜೋರಾಗಿ ಮಾತಾಡಬಾರದು ಅಂತ ಸನ್ನೆ ಮಾಡಿದ್ರು. ವಾಕ್ಯ ಕಟ್ಟೋದೂ ನಮ್ಮ ಹಾಗೇ, ವತಾಶಿ ವಾ ಮಿಜು ಓ ನೊಮಿಮಾಸ್, ನಾನು ನೀರನ್ನ ಕುಡೀತೀನಿ, ಪದಕ್ಕೆ ಪದ ಅದೇ ಜಾಗದಲ್ಲಿ ಕೂರತ್ತೆ. ಹೆಸರಿನ ಕೊನೆಗೆ ಹಾಕೋ 'ಸಾನ್' ನಮ್ಮ 'ಅವರು' ಥರ, ಬೇರೆಯೋರಿಗೆ ಹಾಕ್ಬೇಕು, ತನಗೆ ತಾನೇ ಹಾಕ್ಕೋಬಾರ್ದು. ನಾನು ನಾಲ್ಕು ದಿನದಿಂದ ನನ್ನ ಹೆಸರಿಗೇ ಸಾನ್ ಹಚ್ಚಿ ಪರಿಚಯ ಮಾಡ್ಕೊಳ್ತಾ ಇದ್ದೆ.

ಅಕಿಹಬರದಲ್ಲಿ ಚಾರ್ಜ್ ಮಗನ ಕೈಗೆ ಹೋಯ್ತು. ಮೇಡಂಗೂ ಅನಿಮೆ ಅಷ್ಟು ಗೊತ್ತಿರ್ಲಿಲ್ಲ, ಅದನ್ನ ಒಪ್ಕೊಂಡ್ರು ಕೂಡ, ಆದ್ರೆ ಊರಿನ ಕಥೆ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಇಲ್ಲಿ ರೇಡಿಯೋ ಬಿಡಿಭಾಗ, ವ್ಯಾಕ್ಯೂಮ್ ಟ್ಯೂಬ್ ಮಾರೋ ಕಾಳಸಂತೆ ಹುಟ್ಟಿತು, ಆಮೇಲೆ ಫ್ರಿಜ್ಜು ಟೀವಿ, ಆಮೇಲೆ ಕಂಪ್ಯೂಟರ್, ಕಂಪ್ಯೂಟರ್ ಕೊಳ್ಳೋಕೆ ಬರೋ ಹುಡುಗರಿಗೆ ಏನು ಇಷ್ಟವೋ ಅದು, ಅಂದ್ರೆ ಗೇಮ್, ಅನಿಮೆ, ಗೊಂಬೆ. ರೈಲು ಹಳಿ ಕೆಳಗಿನ ರೇಡಿಯೋ ಸೆಂಟರಲ್ಲಿ ಇವತ್ತಿಗೂ ಒಬ್ಬ ಮನುಷ್ಯ ಕೂರೋವಷ್ಟೇ ಜಾಗದ ಅಂಗಡಿಗಳಿವೆ, ಸ್ವಿಚ್ಚು, ಬಲ್ಬು, ತಂತಿ ಪೊಟ್ಟಣ. ಮಗ ಗೊಂಬೆ ನೋಡ್ತಿದ್ರೆ ನಾನು ಇಲ್ಲಿ ಕಳೆದುಹೋದೆ. ಇನ್ನೊಂದು ಮಜಾ ವಿಷ್ಯ, ಕೆಲವು ಅಂಗಡಿಗಳಲ್ಲಿ ಗಾಜಿನ ಡಬ್ಬಗಳನ್ನ ಬಾಡಿಗೆಗೆ ಕೊಡ್ತಾರೆ, ಯಾರು ಬೇಕಾದ್ರೂ ತಮ್ಮ ಹಳೇ ಗೊಂಬೆ, ಕಾರ್ಡು ಇಟ್ಟು ಬೆಲೆ ಬರೆದು ಮಾರಬಹುದು. ಒಂದೊಂದು ಡಬ್ಬ ಒಬ್ಬೊಬ್ಬರ ಬಾಲ್ಯ.

ಗಾಚಾ ಅಂದ್ರೆ ಗಾಚಾಪೋನ್, ಕಾಸು ಹಾಕಿ ಹಿಡಿ ತಿರುಗಿಸಿದ್ರೆ ಗಾಚಾ ಅಂತ ಸದ್ದು, ಪೋನ್ ಅಂತ ಗುಂಡು ಡಬ್ಬಿ ಬೀಳತ್ತೆ, ಒಳಗೆ ಯಾವ ಗೊಂಬೆ ಅಂತ ತೆಗೆದಾಗ್ಲೇ ಗೊತ್ತಾಗೋದು. 300ರಿಂದ 500 ಯೆನ್. ಮಗ ಹೇಳಿದ್ದು ಸರಿ ಇತ್ತು, ಬೆಳಗ್ಗೆ ಗುಡೀಲಿ ಡಬ್ಬ ಅಲ್ಲಾಡಿಸಿದ್ದಕ್ಕೂ ಇದಕ್ಕೂ ಕೈಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಒಂದೇ ವ್ಯತ್ಯಾಸ, ಗುಡೀಲಿ ಕೆಟ್ಟದ್ದು ಬಂದ್ರೆ ಕಟ್ಟಿ ಬರಬಹುದು, ಇಲ್ಲಿ ಒಂದೇ ಬೆಕ್ಕು ಮೂರು ಸಲ ಬಂದ್ರೆ ಮೂರನ್ನೂ ಮನೆಗೆ ಹೊತ್ಕೊಂಡು ಹೋಗ್ಬೇಕು. 2,400 ಯೆನ್ ಹೋಯ್ತು.

ಮಂಗಾ ಅಂಗಡೀಲಿ ಒಂದು ಸಣ್ಣ ವಿಷ್ಯ ಕಲಿತೆ, ಹುಡುಗರ ಪತ್ರಿಕೆಗಳಲ್ಲಿ ಕಾಂಜಿ ಅನ್ನೋ ಚೀನಾ ಮೂಲದ ಕಷ್ಟದ ಅಕ್ಷರದ ಪಕ್ಕ ಇರುವೆ ಗಾತ್ರದಲ್ಲಿ ಹಿರಗಾನಾದಲ್ಲಿ ಉಚ್ಚಾರ ಬರೆದಿರ್ತಾರೆ, ಫುರಿಗಾನಾ ಅಂತ. ಮಕ್ಕಳು ಕಥೆ ಓದ್ತಾ ಓದ್ತಾ ಅಕ್ಷರ ಕಲೀತಾರೆ. ಬಲದಿಂದ ಎಡಕ್ಕೆ ಓದೋದು, ಅದನ್ನ ನಂಗೆ ಹೇಳಿಕೊಟ್ಟೋನು ಮಗ, ಗೊತ್ತಿಲ್ದೆ ನಾನು ಕ್ಲೈಮ್ಯಾಕ್ಸಿಂದ ಶುರು ಮಾಡಿದ್ದೆ. ಮೇಡಂ ಇಲ್ಲಿ ತೆಜುಕಾ ಒಸಾಮು ಅನ್ನೋ ಮಂಗಾ ಕಲಾವಿದರ ಬಗ್ಗೆ ಹೇಳಿದ್ರು, ಇವರ ಆಸ್ಟ್ರೋ ಬಾಯ್ 1963ರ ಜನವರಿ 1ಕ್ಕೆ ಟೀವೀಲಿ ಶುರುವಾಗಿ ವಾರ ವಾರ ಅರ್ಧ ಗಂಟೆ ಅನಿಮೆ ಅನ್ನೋ ಪದ್ಧತಿಗೆ ದಾರಿ ಮಾಡಿತು. ದುಡ್ಡಿಲ್ಲ, ಟೈಮಿಲ್ಲ, ಅದಕ್ಕೇ ಕಮ್ಮಿ ಚಿತ್ರದಲ್ಲಿ ಕೆಲಸ ಮುಗಿಸೋ ಉಪಾಯ, ಮುಖ ಹಾಗೇ ಇಟ್ಟು ಬಾಯಿ ಮಾತ್ರ ಆಡಿಸೋದು. ಇವತ್ತು ನಾವು ಅನಿಮೆ ಸ್ಟೈಲ್ ಅಂತ ಮೆಚ್ಕೊಳ್ಳೋದರಲ್ಲಿ ಅರ್ಧ ಆಗಿನ ಬಡತನದ ಜಾಣತನ.

ಮೇಡ್ ಕೆಫೆ, ಅಂದ್ರೆ ಮನೆಗೆಲಸದಾಕೆ ವೇಷ ಹಾಕಿದ ಹುಡುಗಿಯರು ಬಡಿಸೋ ಹೋಟೆಲು. ಇದನ್ನ ಫ್ಯಾಮಿಲಿ ಟೂರಲ್ಲಿ ಯಾಕೆ ಹಾಕಿದ್ರೋ ದೇವರಿಗೇ ಗೊತ್ತು. ಒಳಗೆ ಕೂತ ಮೇಲೆ ಗೊತ್ತಾಯ್ತು, ತಲೆಗೆ ಇಷ್ಟು ಅಂತ ಸೀಟ್ ಚಾರ್ಜ್, ಅದರ ಮೇಲೆ ಒಬ್ಬೊಬ್ಬರೂ ಒಂದಾದ್ರೂ ಆರ್ಡರ್ ಮಾಡಲೇಬೇಕು, ಹುಡುಗಿಯರ ಫೋಟೋ ತೆಗೆಯೋ ಹಾಗಿಲ್ಲ, ಬೇಕಾದ್ರೆ ದುಡ್ಡು ಕೊಟ್ಟು ಚೆಕಿ ಅನ್ನೋ ಕಾರ್ಡ್ ಫೋಟೋ ತೆಗೆಸ್ಕೋಬೇಕು. ನಿಯಮ ಇರ್ಲಿ, ಅದು ಆ ಹುಡುಗಿಯರ ಒಳ್ಳೇದಕ್ಕೇ, ಆದ್ರೆ ಟೂರಿನೋರು ಮುಂಚೆ ಹೇಳ್ಬೇಕಿತ್ತು, ಮೂರು ಜನಕ್ಕೆ ಹೆಚ್ಚುವರಿ 5,000 ಯೆನ್ ಮೇಲಾಯ್ತು. ಬಾಗಿಲಲ್ಲಿ 'ಯಜಮಾನರೇ ಮನೆಗೆ ಬಂದ್ರಾ' ಅಂತ ಸ್ವಾಗತ, ಆಮ್ಲೆಟ್ ಅನ್ನದ ಮೇಲೆ ಕೆಚಪ್ಪಲ್ಲಿ ಬೆಕ್ಕಿನ ಚಿತ್ರ, ಆಮೇಲೆ ಎಲ್ಲರೂ ಕೈಯಲ್ಲಿ ಹೃದಯ ಮಾಡಿ 'ಮೋಎ ಮೋಎ ಕ್ಯುನ್' ಅಂದ್ರೆ ರುಚಿ ಜಾಸ್ತಿ ಆಗತ್ತಂತೆ. ನಂಗೆ ಎಲ್ಲಿ ನೋಡ್ಬೇಕು ಅಂತ ಗೊತ್ತಾಗ್ದೆ ಮೆನು ಕಾರ್ಡನ್ನ ಹತ್ತು ಸಲ ಓದಿದೆ. ಮಗ ಮೇಜಿನ ಕೆಳಗೆ ಹೋಗೋದೊಂದು ಬಾಕಿ. ಹೆಂಡತಿ ಮಾತ್ರ ಆರಾಮಾಗಿ ಕೂತು, 'ಬೆಳಗ್ಗೆ ಆ ಟೀ ಅಮ್ಮನೂ ಇದೇ ತಾನೇ ಮಾಡಿದ್ದು, ಹೆಂಗೆ ಬರ್ಬೇಕು ಏನು ಹೇಳ್ಬೇಕು ಎಲ್ಲಾ ಬಾಯಿಪಾಠ, ನೀವೂ ತಲೆ ಬಗ್ಗಿಸಿ ಹೇಳಿದ್ರಿ, ಇಲ್ಲಿ ಯಾಕೆ ನಾಚ್ಕೊಳ್ತೀರಿ' ಅಂದ್ಳು. ಎರಡನ್ನೂ ಒಂದೇ ತಕ್ಕಡೀಲಿ ಇಡೋಕೆ ನಂಗೆ ಮನಸ್ಸು ಬರಲ್ಲ, ರಿಕ್ಯೂ ಆತ್ಮ ನೊಂದ್ಕೊಳ್ಳತ್ತೆ, ಆದ್ರೂ ಅವಳ ಮಾತಿಗೆ ಆಗ ಉತ್ತರ ಹೊಳೀಲಿಲ್ಲ, ಈಗ್ಲೂ ಹೊಳೆದಿಲ್ಲ.

ಪಟ್ಟಿ ಪ್ರಕಾರ ಟೂರ್ ಇಲ್ಲಿಗೆ ಮುಗೀಬೇಕಿತ್ತು. ಅರ್ಧ ಗಂಟೆ ಉಳಿದಿದೆ, ನಡೆಯೋಕೆ ಶಕ್ತಿ ಇರೋರು ಬನ್ನಿ ಅಂತ ಮೇಡಂ ಹೇಳಿ, ಆರು ಜನ ಉಳ್ಕೊಂಡ್ವಿ, ಏಳೆಂಟು ನಿಮಿಷ ನಡೆದು ಕಡಿದಾದ ಮೆಟ್ಟಿಲು ಹತ್ತಿದ್ರೆ ಕಾಂದಾ ಮ್ಯೋಜಿನ್. 730ರಲ್ಲಿ ಶುರುವಾದ ಜಿಂಜಾ, ಈ ಗುಡ್ಡಕ್ಕೆ ಬಂದಿದ್ದು 1616ರಲ್ಲಿ. ಇಲ್ಲಿರೋ ಮೂವರಲ್ಲಿ ಒಬ್ಬ ದಾಯ್ಕೊಕು, ಒಬ್ಬ ಎಬಿಸು, ವ್ಯಾಪಾರದ ದೇವರುಗಳು, ಮೂರನೆಯವನು ತಾಯ್ರಾ ನೋ ಮಸಾಕಾದೋ, ಚಕ್ರವರ್ತಿಗೆ ತಿರುಗಿಬಿದ್ದು 940ರಲ್ಲಿ ತಲೆ ಕಳ್ಕೊಂಡ ಯೋಧ. ತಾಯತ ಮಾರೋ ಕಿಟಕೀಲಿ ಪರೀಕ್ಷೆಗೆ, ಹೆರಿಗೆಗೆ, ವಾಹನಕ್ಕೆ ತಾಯತಗಳ ಮಧ್ಯ ಒಂದು ಐಟಿ ತಾಯತ, ಕಂಪ್ಯೂಟರ್ ಮೊಬೈಲಿಗೆ ಅಂಟಿಸೋ ಸ್ಟಿಕ್ಕರ್, ಮಾಹಿತಿ ಸುರಕ್ಷತೆಗೆ! ಜನವರಿಯಲ್ಲಿ ಆಫೀಸು ಶುರುವಾಗೋ ದಿನ ಸೂಟು ಹಾಕ್ಕೊಂಡ ಕಂಪನಿ ಜನ ಇಲ್ಲಿ ಸಾಲಾಗಿ ನಿಂತು ಪೂಜೆ ಮಾಡಿಸ್ತಾರಂತೆ. ಹರಕೆ ಬರೆದು ನೇತುಹಾಕೋ ಎಮಾ ಹಲಗೆಗಳ ಹತ್ರ ಹೋದ್ರೆ ಅರ್ಧಕ್ಕರ್ಧ ಹಲಗೆ ಮೇಲೆ ಅನಿಮೆ ಹುಡುಗಿಯರ ಚಿತ್ರ, ಅಭಿಮಾನಿಗಳು ಕೈಯಾರೆ ಬರೆದಿದ್ದು, ಒಂದೊಂದು ಎಷ್ಟು ಚೆನ್ನಾಗಿದೆ ಅಂದ್ರೆ ಅಂಗಡೀಲಿ ಮಾರಬಹುದು. ಅದರ ಪಕ್ಕದಲ್ಲೇ ಯಾರೋ ಅಮ್ಮನ ಆಪರೇಷನ್ ಚೆನ್ನಾಗಿ ಆಗ್ಲಿ ಅಂತ ಬರೆದಿದ್ರು, ಮೇಡಂ ಓದಿ ಹೇಳಿದ್ರು. ಬೆಳಗ್ಗೆಯಿಂದ ಗುಡಿ ಅಂದ್ರೆ ಆಕಳಿಸ್ತಾ ಇದ್ದ ಮಗ ಇಲ್ಲಿ ಇಪ್ಪತ್ತು ನಿಮಿಷ ಹಲಗೆ ಓದ್ತಾ ನಿಂತ, ಹೆಂಡತಿ ತಾಯತ ಆರಿಸ್ತಾ ನಿಂತ್ಳು, ಮನೆಯ ಎರಡು ಪಾರ್ಟಿ ಒಂದಾಗಿದ್ದು ಆ ಅಂಗಳದಲ್ಲಿ. ಇಷ್ಟು ಒಳ್ಳೇ ಜಾಗ ಪಟ್ಟೀಲೇ ಇಲ್ಲ ಅಂದ್ರೆ ಬ್ರೋಷರ್ ಬರೆದೋರಿಗೆ ಏನನ್ಬೇಕು. ನನ್ನ ಕೇಳಿದ್ರೆ ಟೂರ್ ಇಲ್ಲಿಂದಾನೇ ಶುರು ಆಗ್ಬೇಕು, ಮೇಡ್ ಕೆಫೆ ತೆಗೆದು ಆ ಒಂದು ಗಂಟೆ ಟೀ ಅಮ್ಮನಿಗೆ ಕೊಡ್ಬೇಕು.

ಮಾರ್ಕ್ಸ್ ಕೇಳಿದ್ರೆ ಐದಕ್ಕೆ ಮೂರೂವರೆ, ಅದರಲ್ಲಿ ಮೂರು ಗೈಡ್ ಮೇಡಂಗೆ. ಮೊದಲ ಸಲ ಹೋಗೋರು, ಭಾಷೆ ಭಯ ಇರೋರು, ಜೊತೇಲಿ ವಯಸ್ಸಾದೋರು ಇಲ್ಲದೋರು ಧೈರ್ಯವಾಗಿ ಹೋಗಿ, ನಡೆಯೋದು ಬಹಳ ಇದೆ, ಬಿಚ್ಚಿ ಹಾಕೋಕೆ ಸುಲಭ ಇರೋ ಶೂ ಹಾಕ್ಕೊಳ್ಳಿ, ಕಾಲುಚೀಲ ತೂತಿಲ್ಲದ್ದು. ನೀವೇ ಓಡಾಡೋರಾದ್ರೆ ಗುಡಿಗಳಿಗೆ ಪ್ರವೇಶ ಫ್ರೀ, ಮೆಟ್ರೋಗೆ 180 ಯೆನ್, ಟೀ ಮಾತ್ರ ಬೇರೆ ಕಡೆ ಸಣ್ಣ ಗುಂಪಿಗೆ ಬುಕ್ ಮಾಡಿ. ಗೈಡ್‌ಗೆ ಟಿಪ್ಸ್ ಕೊಡೋಕೆ ಹೋಗ್ಬೇಡಿ, ನಾನು ಕೊಡೋಕೆ ಹೋಗಿ ಅವರು ಮೂರು ಸಲ ಬಗ್ಗಿ ನಾನು ನಾಲ್ಕು ಸಲ ಬಗ್ಗಿ ಕೊನೆಗೆ ದುಡ್ಡು ನನ್ನ ಜೇಬಿಗೇ ಬಂತು.

ಒಂದು ಉಳ್ಕೊಂಡಿತ್ತು. ಬೆಳಗ್ಗೆ ಮಾತಿನ ಮಧ್ಯೆ ಮೇಡಂ ಇಲ್ಲೇ ಹತ್ತು ನಿಮಿಷ ನಡೆದ್ರೆ ನಿಮ್ಮ ಗಣೇಶ ಇದ್ದಾನೆ ಅಂದಿದ್ರು, ಟೈಮಿಲ್ಲ ಅಂತ ಕರ್ಕೊಂಡು ಹೋಗ್ಲಿಲ್ಲ. ಮಾರನೇ ದಿನ ನಾವೇ ಹೋದ್ವಿ. ಮತ್ಸುಚಿಯಾಮಾ ಶೋದೆನ್, ಸುಮಿದಾ ನದಿ ಪಕ್ಕ ಸಣ್ಣ ದಿಬ್ಬದ ಮೇಲೆ, ಹತ್ತೋಕಾಗದವರಿಗೆ ಪುಟಾಣಿ ಹಳಿ ಗಾಡಿನೂ ಇದೆ, ಫ್ರೀ. ಇಲ್ಲಿ ಅವನ ಹೆಸರು ಕಾಂಗಿತೆನ್, ವಿಗ್ರಹ ಯಾರಿಗೂ ತೋರಿಸಲ್ಲ, ಮೋದಕದ ಜಾಗದಲ್ಲಿ ಮೂಲಂಗಿ. ಎಲ್ಲಿ ನೋಡಿದ್ರೂ ಜೋಡಿ ಮೂಲಂಗಿಯ ಕೆತ್ತನೆ, ಜೊತೆಗೆ ದುಡ್ಡಿನ ಚೀಲ. ಅಲ್ಲೇ ದಪ್ಪ ಬಿಳಿ ಮೂಲಂಗಿ ಕೊಂಡು ಒಪ್ಪಿಸಿ ಕೈ ಮುಗಿದು ಹೊರಟ್ರೆ, ಪಕ್ಕದಲ್ಲಿ ದೇವರಿಗೆ ಇಟ್ಟು ಇಳಿಸಿದ ಮೂಲಂಗಿಗಳನ್ನ ಜೋಡಿಸಿ ತಗೊಂಡು ಹೋಗಿ ಅಂತ ಇಟ್ಟಿದ್ರು. ಪ್ರಸಾದ! ಹೆಂಡತಿ ಬೇಡ ಅನ್ನಬಾರದು ಅಂತ ಮೊಳದುದ್ದದ ಒಂದನ್ನ ಎತ್ಕೊಂಡ್ಳು. ಹೋಟೆಲ್ ರೂಮಲ್ಲಿ ಚಾಕು ಇಲ್ಲ, ಒಲೆ ಇಲ್ಲ. ಗಿಂಜಾ ಲೈನಲ್ಲಿ ಅದನ್ನ ಮಗು ಥರ ತೊಡೆ ಮೇಲೆ ಮಲಗಿಸ್ಕೊಂಡು ಬಂದ್ವಿ, ಎದುರು ಸೀಟಿನ ತಾತ ಒಂದು ಸಲ ಮೂಲಂಗಿ ನೋಡಿ, ಒಂದು ಸಲ ನಮ್ಮನ್ನ ನೋಡಿ, ಎಲ್ಲಿಂದ ಬಂತು ಅಂತ ಗೊತ್ತಾಗಿ ಸುಮ್ನೆ ಕೈ ಮುಗಿದ್ರು.